ಮಾರ್ದ್ವೀಕವನ್ನು ಆರಿಸುವ ಬಗೆ

ದೀಪಾವಳಿಯ ಬಿಡುವಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಗೋಕಾಕದ ನಮ್ಮ ಮನೆಗೆ ಬಂದಿದ್ದನು. ಮೂಡಲಗಿ ಕಡೆಯ ಒಕ್ಕಲು ಮನೆತನದ ಹುಡುಗ. ಈಗ ಪುಣೆಯಲ್ಲಿ ನೌಕರಿ. ಬಾಕರವಡಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಕುಶಲಪ್ರಶ್ನೆಯೆಲ್ಲ ಮುಗಿದ ಮೇಲೆ, ಒಳಗಿನವರಿಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳಿದನು:

"ಸರ್, ನಮ್ಮ ಆಫೀಸಿನವರು ದೊಡ್ಡ ಹೋಟೆಲಿಗೆ ಊಟಕ್ಕ ಕರಕೊಂಡು ಹೋಗಿದ್ರು. ‘ನಿಮ್ಮದು ದ್ರಾಕ್ಷಿ ಸೀಮಿ, ವೈನ್ ನೀನ ಆರಿಸು’ ಅಂತ ಪಟ್ಟಿ ನನ್ನ ಕೈಯಾಗ ಕೊಟ್ರು. ಎರಡು ಪುಟ ಬರೇ ಹೆಸರು. ಒಂದೂ ತಿಳೀಲಿಲ್ರಿ. ಕಡೀಕ ಬೆಲಿ ನೋಡಿ ನಡುವಿನದೊಂದಕ್ಕ ಬಟ್ಟು ಇಟ್ಟೆ. ನೀವು ಬ್ಯಾಸಗಿ ಸೂಟಿಯೊಳಗ ಅಮರಕೋಶ ಬಾಯಿಪಾಠ ಮಾಡಿಸಿದ್ರಿ. ಸುರಾಕ್ಕ ಹತ್ತು ಹನ್ನೆರಡು ಹೆಸರು ಇನ್ನೂ ನೆನಪದಾವ. ಆರಿಸೂದು ಹ್ಯಾಂಗಂತ ಮಾತ್ರ ಕಲಿಸಲಿಲ್ಲ."

ನಾನು ನಕ್ಕೆನು. ಆದರೆ ಅವನು ಹೋದ ಮೇಲೆ ಆ ಮಾತು ಮನಸ್ಸಿನಲ್ಲಿಯೇ ಉಳಿಯಿತು. ನಾನು ಮದ್ಯಪಾನ ಮಾಡಿದವನಲ್ಲ. ಮಾಡಿರೆಂದು ಯಾರಿಗೂ ಹೇಳುವವನೂ ಅಲ್ಲ. ಹಾಗಿದ್ದರೂ ಮಕ್ಕಳಿಗೆ ಶಬ್ದವನ್ನು ಕಲಿಸಿ, ಆ ಶಬ್ದದ ಹಿಂದಿನ ವಿವೇಕವನ್ನು ಕಲಿಸದೆ ಬಿಟ್ಟರೆ ಅದು ಪಂಡಿತನ ತಪ್ಪೇ ಸರಿ. ನಮ್ಮ ಹಿಂದಿನವರು ಈ ವಸ್ತುವನ್ನು ಹೇಗೆ ಆರಿಸುತ್ತಿದ್ದರು? ಆರಿಸುವ ಹಕ್ಕು ಯಾರಿಗಿತ್ತು, ಯಾರಿಗಿರಲಿಲ್ಲ? ನಮ್ಮ ಕಡೆಯಲ್ಲಿ ಆ ತಿಳಿವಳಿಕೆ ಎಲ್ಲಿ ಕಡಿದುಹೋಯಿತು? ಈ ಲೇಖನ ಅದರ ವಿಚಾರ.

ಅಮರಸಿಂಹನು ಸುರೆಯ ಹೆಸರುಗಳನ್ನು ಎರಡನೆಯ ಕಾಂಡದ ಶೂದ್ರವರ್ಗದಲ್ಲಿ ಹೇಳಿದ್ದಾನೆ. ಹಾಲಾ, ಮದಿರಾ, ಕಾದಂಬರೀ ಮೊದಲಾದ ಆ ಹೆಸರುಗಳ ನಡುವೆ ಎರಡು ಶಬ್ದಗಳು ನನ್ನ ಕಣ್ಣಿಗೆ ಈಗ ಬೇರೆ ರೀತಿಯಾಗಿ ಕಂಡವು. ಒಂದು ಗಂಧೋತ್ತಮಾ, ಎಂದರೆ ಪರಿಮಳದಿಂದ ಮೇಲಾದದ್ದು. ಇನ್ನೊಂದು ಪ್ರಸನ್ನಾ, ಎಂದರೆ ತಿಳಿಯಾದದ್ದು. ಆಯುರ್ವೇದದವರು ಸುರೆಯ ಗಡಿಗೆಯಲ್ಲಿ ಗಸಿಯೆಲ್ಲ ಕೆಳಗೆ ಕೂತ ಮೇಲೆ ಮೇಲ್ಭಾಗದಲ್ಲಿ ನಿಲ್ಲುವ ತಿಳಿಗೆ ಪ್ರಸನ್ನಾ ಎಂದೇ ಹೆಸರಿಟ್ಟರು. ಮೂಸಿ ನೋಡು, ಬೆಳಕಿಗೆ ಹಿಡಿದು ನೋಡು ಎಂಬ ಎರಡು ಪರೀಕ್ಷೆಗಳು ನಿಘಂಟಿನ ಹೊಟ್ಟೆಯಲ್ಲಿಯೇ ಇವೆ. ಇಪ್ಪತ್ತೈದು ವರ್ಷ ಬಾಯಿಪಾಠ ಮಾಡಿಸಿದ ನನಗೇ ಇದು ಹೊಳೆದಿರಲಿಲ್ಲ. ದ್ರಾಕ್ಷಿಗೆ ಸಂಸ್ಕೃತದಲ್ಲಿ ಮೃದ್ವೀಕಾ ಎಂಬ ಹೆಸರುಂಟು, ಅದರಿಂದಾದದ್ದು ಮಾರ್ದ್ವೀಕ. ಇಂದು ವೈನ್ ಎಂದು ಕರೆಯುವ ವಸ್ತುವಿಗೆ ಇದೇ ಸರಿಯಾದ ಶಬ್ದ. ಕನ್ನಡ ಬೈಬಲ್ಲಿನವರು ದ್ರಾಕ್ಷಾರಸ ಎಂದರು. ಅದೂ ಒಳ್ಳೆಯ ಮಾತೇ. ಆದರೆ ರಸವೆಂದರೆ ಹುದುಗಿದ್ದೋ ಹುದುಗದ್ದೋ ತಿಳಿಯುವುದಿಲ್ಲ.

ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳು ಬರುತ್ತವೆ. ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಕೌಟಿಲ್ಯನು ಆರು ಬಗೆಗಳನ್ನು ಹೇಳಿ, ಯಾವುದಕ್ಕೆ ಯಾವ ಧಾನ್ಯ, ಎಷ್ಟು ಕಿಣ್ವ ಎಂಬ ಲೆಕ್ಕವನ್ನೂ ಕೊಡುತ್ತಾನೆ. ಕಿಣ್ವವೆಂದರೆ ಹುದುಗುಬೀಜ, ಅದನ್ನು ಉದ್ದಿನ ಹಿಟ್ಟಿನಿಂದ ಮಾಡುತ್ತಿದ್ದರು. ಇಡ್ಲಿಯ ಹಿಟ್ಟು ರಾತ್ರಿ ಉಬ್ಬುವುದನ್ನು ನೋಡಿದ ಗೃಹಿಣಿಯರಿಗೆ ಇದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಆರರಲ್ಲಿ ಕೊನೆಯದಾದ ಮಧುವೇ ದ್ರಾಕ್ಷಿಯ ರಸದ್ದು. ಅದಕ್ಕೆ ಕೌಟಿಲ್ಯನು ಪಾಕವನ್ನು ಹೇಳುವುದಿಲ್ಲ. ಹುಟ್ಟಿದ ನಾಡಿನಿಂದ ಅದಕ್ಕೆ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳು ಬಂದವೆನ್ನುತ್ತಾನೆ. ಕಾಪಿಶಿ ಎಂಬುದು ಇಂದಿನ ಅಫಘಾನಿಸ್ತಾನದ ಬೇಗ್ರಾಮದ ಕಡೆಯ ಊರು. ಕಾಪಿಶಾಯನ ಶಬ್ದವನ್ನು ಸಾಧಿಸಲು ಪಾಣಿನಿಯೇ ಒಂದು ಸೂತ್ರ ಮಾಡಿದ್ದಾನೆ. ಮಿಕ್ಕ ಮದ್ಯಗಳನ್ನು ಮಾಡುವ ಕೈಯಿಂದ ಗುರುತಿಸಬೇಕು, ದ್ರಾಕ್ಷಿಯದನ್ನು ಹುಟ್ಟಿದ ನೆಲದಿಂದ ಗುರುತಿಸಬೇಕು ಎಂಬ ಭೇದ ಆಗಲೇ ತಿಳಿದಿತ್ತು. ಇಂದು ಸೀಸೆಯ ಮೇಲಿನ ಚೀಟಿಯಲ್ಲಿ ಊರಿನ ಹೆಸರನ್ನು ಮೊದಲು ನೋಡು ಎಂದು ತಿಳಿದವರು ಹೇಳುವುದೂ ಇದನ್ನೇ.

ಅದು ದೂರದ ಗಾಂಧಾರದ ಸುದ್ದಿಯಾಯಿತು ಎನ್ನಬಹುದು. ನಮ್ಮ ನೆರೆಯ ಸಾಕ್ಷಿಯೂ ಉಂಟು. ಹುಕ್ಕೇರಿಯಿಂದ ಸಂಕೇಶ್ವರ, ನಿಪ್ಪಾಣಿ ದಾಟಿ ಕೊಲ್ಲಾಪುರಕ್ಕೆ ಹೋದರೆ ಪಂಚಗಂಗೆಯ ದಡದಲ್ಲಿ ಬ್ರಹ್ಮಪುರಿ ಎಂಬ ದಿನ್ನೆಯಿದೆ. 1940ರ ದಶಕದಲ್ಲಿ ಅಲ್ಲಿ ರೋಮನ್ನರ ಸಮುದ್ರದೇವತೆಯ ಚಿಕ್ಕ ಕಂಚಿನ ವಿಗ್ರಹ ಸಿಕ್ಕಿತು. ಅದರೊಡನೆ ಹಿಡಿಕೆಯುಳ್ಳ ಕಂಚಿನ ಹೂಜಿಯೂ ಸಿಕ್ಕಿತು. ಅಂಥ ಹೂಜಿಗಳಿಂದ ರೋಮನ್ನರು ಔತಣಗಳಲ್ಲಿ ದ್ರಾಕ್ಷಾಮದ್ಯವನ್ನು ಹೊಯ್ಯುತ್ತಿದ್ದರು. ಸುಮಾರು ಅದೇ ಶಾತವಾಹನರ ಕಾಲದಲ್ಲಿ, ಎಂದರೆ ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ, ಹೆಸರು ತಿಳಿಯದ ಗ್ರೀಕ್ ನಾವಿಕನೊಬ್ಬನು ನಮ್ಮ ಪಶ್ಚಿಮ ತೀರದ ವ್ಯಾಪಾರದ ಕೈಪಿಡಿಯನ್ನು ಬರೆದನು. ಭರುಕಚ್ಛದ ಬಂದರಿಗೆ ಬರುವ ಸರಕುಗಳಲ್ಲಿ ಇಟಲಿಯ ಮದ್ಯಕ್ಕೆ ಮೊದಲ ಸ್ಥಾನ, ಅದರ ಜೊತೆಗೆ ಲವೊದಿಕೆಯದು ಮತ್ತು ಅರಬ್ ನಾಡಿನದು ಎಂದು ಅವನು ಬರೆದಿದ್ದಾನೆ. ನಮ್ಮ ಗಿರಾಕಿಗಳು ಮೂರು ದೇಶಗಳ ಸರಕನ್ನು ರುಚಿ ನೋಡಿ ಆರಿಸುತ್ತಿದ್ದರೆಂದಾಯಿತು. ಆ ಗಿರಾಕಿಗಳು ಅರಸರು, ಸೆಟ್ಟಿಗಳು. ಪಂಚಗಂಗೆಯ ದಡದಲ್ಲಿ ಮಣ್ಣು ಹೊತ್ತವನಿಗೆ ಆ ಹೂಜಿಯಿಂದ ಯಾರೂ ಹೊಯ್ದಿರಲಾರರು.

ಈ ಕೊನೆಯ ಮಾತನ್ನು ಊಹೆಯಿಂದ ಹೇಳುತ್ತಿಲ್ಲ. ಅದೇ ಸುರಾಧ್ಯಕ್ಷ ಪ್ರಕರಣದಲ್ಲಿ ಇನ್ನೊಂದು ವಿಧಿಯಿದೆ. ಪಾನಾಗಾರದಲ್ಲಿ ಹಲವು ಕೋಣೆಗಳಿರಬೇಕು, ಹಾಸಿಗೆ ಆಸನಗಳು ಬೇರೆ ಬೇರೆಯಾಗಿರಬೇಕು, ಗಂಧ ಮಾಲ್ಯ ನೀರು ಋತುವಿಗೆ ತಕ್ಕಂತೆ ಹಿತವಾಗಿರಬೇಕು ಎಂದೆಲ್ಲ ಹೇಳಿದ ಆಚಾರ್ಯನೇ, ಕೆಟ್ಟುಹೋದ ಸುರೆಯನ್ನು ಏನು ಮಾಡಬೇಕೆಂಬುದನ್ನೂ ಹೇಳುತ್ತಾನೆ. ಬೇರೆಡೆ ಮಾರಿಸಬಹುದು, ಇಲ್ಲವೆ ದಾಸರಿಗೂ ಕೂಲಿಕಾರರಿಗೂ ವೇತನವಾಗಿ ಕೊಡಬಹುದು, ಇಲ್ಲವೆ ಬಂಡಿಯ ಪ್ರಾಣಿಗಳಿಗೆ ಕುಡಿಸಬಹುದು, ಹಂದಿಗಳಿಗೆ ಹಾಕಬಹುದು. ಕೂಲಿಕಾರನೂ ಹಂದಿಯೂ ಒಂದೇ ಪಂಕ್ತಿಯಲ್ಲಿ! ಆರಿಸುವವರಿಗೆ ಪ್ರಸನ್ನಾ, ಆರಿಸಲಾರದವರಿಗೆ ತಳದ ಗಸಿ. ಈ ಒಂದು ವಿಧಿಯನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ನಾಡಿನ ಮುಂದಿನ ಚರಿತ್ರೆಯನ್ನು ನೋಡಿದರೆ ಹಲವು ಸಂಗತಿಗಳು ತಿಳಿಯಾಗುತ್ತವೆ.

ಕನ್ನಡ ಕಾವ್ಯದ ಕಡೆಗೆ ಬರೋಣ. ಮಹಾಕಾವ್ಯದಲ್ಲಿ ಬರಬೇಕಾದ ವರ್ಣನೆಗಳಲ್ಲಿ ದಂಡಿಯು ಮಧುಪಾನವನ್ನೂ ಎಣಿಸಿದನು. ಅದರಿಂದಾಗಿ ಕವಿಗಳಿಗೆ ಅದು ಕಟ್ಟಲೆಯಾಯಿತು. ಪಂಪನು ತನ್ನ ಭಾರತದ ನಾಲ್ಕನೆಯ ಆಶ್ವಾಸದಲ್ಲಿ ಪಾನಗೋಷ್ಠಿಯನ್ನು ಚಿತ್ರಿಸಿದ್ದಾನೆ. ಆದರೆ ಪಂಪನು ಜೈನ. ಮದ್ಯ, ಮಾಂಸ, ಮಧುಗಳ ತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಸೇರಿದ್ದು. ಅಲ್ಲಿ ಮಧುವೆಂದರೆ ಜೇನು. ಕುಡಿಯದವನು ಕುಡಿತವನ್ನು ವರ್ಣಿಸುವುದು ಕನ್ನಡಕ್ಕೆ ಹೊಸದಲ್ಲವೆಂದು ಈ ಲೇಖಕನಿಗೆ ಇದರಿಂದ ಸ್ವಲ್ಪ ಧೈರ್ಯ.

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಸುಮಾರು 1129ರ ಗ್ರಂಥ. ಅಂದು ಗೋಕಾಕದ ಸೀಮೆ ಕೂಂಡಿ ಮೂರುಸಾವಿರಕ್ಕೆ ಸೇರಿ, ಚಾಲುಕ್ಯರ ಕೈಕೆಳಗಿನ ರಟ್ಟರ ಆಳ್ವಿಕೆಯಲ್ಲಿತ್ತು. ಆ ಗ್ರಂಥದಲ್ಲಿ ಅರಸನ ಕ್ರೀಡೆಗಳನ್ನು ಹೇಳುವಾಗ ಮದಿರಾಪಾನಕ್ರೀಡೆಯೂ ಒಂದಾಗಿ ಬರುತ್ತದೆ. ಅದಕ್ಕಿಂತ ನನಗೆ ಹಿಡಿಸಿದ್ದು ಪಾನೀಯಭೋಗವೆಂಬ ಭಾಗ. ಬರಿಯ ನೀರನ್ನೇ ಅರಸನು ಋತುವಿಗೆ ತಕ್ಕಂತೆ ಆರಿಸಿ ಕುಡಿಯಬೇಕು: ಮಳೆಯ ನೀರು, ಹೊಳೆಯದು, ಕೆರೆಯದು, ಒರತೆಯದು ಬೇರೆ ಬೇರೆ. ನೀರಿನಲ್ಲಿ ರುಚಿಭೇದ ಬಲ್ಲ ನಾಲಿಗೆಗೆ ಮಿಕ್ಕದ್ದು ಕಷ್ಟವಲ್ಲ. ಘಟಪ್ರಭೆಯ ನೀರಿಗೂ ಬಾವಿಯ ಸವುಳು ನೀರಿಗೂ ಇರುವ ಭೇದವನ್ನು ನಮ್ಮ ಹೆಣ್ಣುಮಕ್ಕಳು ಒಂದು ಗುಟುಕಿನಲ್ಲಿ ಹೇಳುತ್ತಾರೆ. ವೈನಿನ ರುಚಿಯನ್ನು ಹೇಳಲು ನಮಗೆ ನಾಲಿಗೆಯಿಲ್ಲವೆಂಬುದು ಆದಕಾರಣ ಸುಳ್ಳು.

ಅದೇ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನಿದ್ದನು. ಧರ್ಮೇಶ್ವರಲಿಂಗವೆಂಬ ಅಂಕಿತದಲ್ಲಿ ಅವನ ವಚನಗಳು ದೊರೆತಿವೆ. ಹೆಂಡ ಮಾರುವ ಕಸುಬಿನ ಮಾತುಗಳಿಂದಲೇ ಅವನು ಅನುಭಾವವನ್ನು ಹೇಳಿದನು. ಮದ್ಯದ ಬಗ್ಗೆ ಅಂಗಡಿಯ ಒಳಗಿನಿಂದ ಕೇಳಿಬಂದ ದನಿ ನಮ್ಮ ಸಾಹಿತ್ಯದಲ್ಲಿ ಅಪರೂಪ; ಮಿಕ್ಕವರೆಲ್ಲ ಅರಮನೆಯ ಉಪ್ಪರಿಗೆಯಿಂದ ನೋಡಿದವರು.

ಇಷ್ಟಾದರೂ ಇಂದಿನ ವೈನ್ ನಮ್ಮಲ್ಲಿ ಹಳ್ಳಿಹಳ್ಳಿಗೆ ಬೇರುಬಿಟ್ಟ ವಸ್ತುವಾಗಿರಲಿಲ್ಲ. ದ್ರಾಕ್ಷಿಯೇನೋ ಇತ್ತು. ದೌಲತಾಬಾದಿನಲ್ಲಿ ವರ್ಷಕ್ಕೆ ಎರಡು ಸಲ ದ್ರಾಕ್ಷಿ ಬಿಡುತ್ತದೆಂದು ಹದಿನಾಲ್ಕನೆಯ ಶತಮಾನದ ಇಬ್ನ್ ಬತೂತ ಬರೆದನು. ವಿಜಯನಗರದ ಪೇಟೆಯಲ್ಲಿ ಒಂದು ಹಣಕ್ಕೆ ಮೂರು ಗೊಂಚಲು ದ್ರಾಕ್ಷಿ ಎಂದು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಸುಮಾರು 1520ರಲ್ಲಿ ಲೆಕ್ಕ ಬರೆದಿಟ್ಟನು. ಅದೇ ಹಣಕ್ಕೆ ದಾಳಿಂಬೆ ಹತ್ತು. ಬೆಲೆಯನ್ನು ನೋಡಿದರೆ ಅದು ಬಡವರ ಹಣ್ಣಲ್ಲ. ಜನ ಕುಡಿದದ್ದು ಈಚಲ ಮರದ ಸಿಂದಿ, ಬೆಲ್ಲದಿಂದ ಇಳಿಸಿದ ಸೆರೆ. ಮನುಸ್ಮೃತಿಯು ಗೌಡೀ, ಪೈಷ್ಟೀ, ಮಾಧ್ವೀ ಎಂದು ಸುರೆಯನ್ನು ಮೂರಾಗಿ ವಿಂಗಡಿಸುತ್ತದೆ. ಗುಡ, ಎಂದರೆ ಬೆಲ್ಲ, ಅದರಿಂದಾದದ್ದು ಗೌಡೀ. ಕಬ್ಬಿನ ಗಾಣಗಳ ಸೀಮೆಯಾದ ನಮ್ಮ ಕಡೆಗೆ ಇದೇ ಕುಲದೇವತೆ.

1878ರ ಮುಂಬಯಿ ಅಬಕಾರಿ ಕಾಯಿದೆಯಿಂದ ಈ ವ್ಯವಹಾರವೆಲ್ಲ ಸರಕಾರದ ಹತೋಟಿಗೆ ಬಂತು. ಸಿಂದಿ ಇಳಿಸುವ ಮರಕ್ಕೆ ತೆರಿಗೆ, ಅಂಗಡಿಗೆ ಹರಾಜು, ಗುತ್ತಿಗೆದಾರನಿಗೆ ಏಕಸ್ವಾಮ್ಯ. ಗುತ್ತಿಗೆದಾರನ ಅಂಗಡಿಯಲ್ಲಿ ಆರಿಸುವ ಪ್ರಶ್ನೆಯೇ ಏಳುವುದಿಲ್ಲ. ಅವನು ಅಳೆದು ಕೊಟ್ಟದ್ದೇ ಸರಕು. ಇದನ್ನು ವಿರೋಧಿಸಿ ಸ್ವಾತಂತ್ರ್ಯ ಚಳವಳಿಯಲ್ಲಿ ಕರ್ನಾಟಕದ ಸ್ವಯಂಸೇವಕರು ಈಚಲ ಮರಗಳನ್ನು ಕಡಿದು ಸೆರೆಮನೆಗೆ ಹೋದರು. ಕಾಂಗ್ರೆಸ್ ಮಂತ್ರಿಮಂಡಲವು 1939ರಲ್ಲಿ ಮುಂಬಯಿ ನಗರದಲ್ಲಿ ಪಾನನಿರೋಧವನ್ನು ಆರಂಭಿಸಿತು. ಸ್ವಾತಂತ್ರ್ಯಾನಂತರ 1949ರ ಕಾಯಿದೆ ಬಂದು, 1950ರ ಏಪ್ರಿಲ್ ತಿಂಗಳಿನಿಂದ ಇಡೀ ಮುಂಬಯಿ ರಾಜ್ಯ ಒಣ ನಾಡಾಯಿತು. ಆಗ ಬೆಳಗಾವಿ ಜಿಲ್ಲೆ ಆ ರಾಜ್ಯದಲ್ಲಿತ್ತು. ಗೋಕಾಕ ಹುಕ್ಕೇರಿಗಳಿಗೂ ಅದೇ ಕಾಯಿದೆ.

ಆ ಕಾಲದ ಸಂಗತಿಗಳನ್ನು ನಮ್ಮ ತಂದೆಯವರು ಹೇಳುತ್ತಿದ್ದರು. ವೈದ್ಯರ ಪತ್ರವಿದ್ದವರಿಗೆ ಪರವಾನಗಿ. ಪತ್ರವಿಲ್ಲದವರಿಗೆ ಹೊಲದ ಬದುವಿನ ಕಳ್ಳಭಟ್ಟಿ. ಗೋವೆ 1961ರವರೆಗೆ ಪೋರ್ಚುಗೀಸರದಾಗಿದ್ದರಿಂದ ಘಟ್ಟದಾಚೆಯ ಸೀಸೆಗಳು ಗಡಿ ದಾಟಿ ಬರುತ್ತಿದ್ದವಂತೆ. ಈ ಕಾಯಿದೆಯ ಮೇಲೆ ಬಾಲ್ಸಾರಾ ಎಂಬವರು ನ್ಯಾಯಾಲಯಕ್ಕೆ ಹೋದರು. ಮದ್ಯಸಾರವುಳ್ಳ ಔಷಧಗಳನ್ನೂ ಸುಗಂಧದ್ರವ್ಯಗಳನ್ನೂ ಹಾಗೆ ನಿಷೇಧಿಸಲಾಗದೆಂದು 1951ರಲ್ಲಿ ಸುಪ್ರೀಮ್ ಕೋರ್ಟು ತೀರ್ಪು ಕೊಟ್ಟಿತು. ಆ ತೀರ್ಪಿಗೂ ನಮ್ಮ ಅಡುಗೆಮನೆಯ ಮಾಡಕ್ಕೂ ಸಂಬಂಧವುಂಟು. ಅಲ್ಲಿ ದ್ರಾಕ್ಷಾಸವದ ಸೀಸೆ ಇರುತ್ತಿತ್ತು! ಒಣದ್ರಾಕ್ಷಿ, ಬೆಲ್ಲ, ಧಾತಕಿಯ ಹೂವು ಸೇರಿಸಿ ಭಾಂಡದಲ್ಲಿ ಹುದುಗಿಸಿದ್ದು. ಆ ಹೂವೇ ಹುದುಗನ್ನು ಹೊತ್ತು ತರುತ್ತದೆ. ಕುದಿಸಿದ ಕಷಾಯದಿಂದ ಮಾಡಿದರೆ ಅರಿಷ್ಟ, ಕುದಿಸದೆ ಮಾಡಿದರೆ ಆಸವ. ಇಂದಿಗೂ ಅದರ ಚೀಟಿಯ ಮೇಲೆ ಸ್ವಯಂಜನಿತ ಮದ್ಯಸಾರ ನೂರಕ್ಕೆ ಇಷ್ಟು ಎಂದು ಅಚ್ಚಾಗಿರುತ್ತದೆ. ನಮ್ಮಜ್ಜಿ ಊಟದ ಮೇಲೆ ಎರಡು ಚಮಚೆ ತೆಗೆದುಕೊಂಡು, ಸೆರೆಯಂಗಡಿಯ ಮುಂದಿನಿಂದ ಹೋಗುವಾಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಅಳತೆ, ಹೊತ್ತು, ಕಾರಣ ಈ ಮೂರೂ ಅವಳಿಗೆ ಗೊತ್ತಿದ್ದವು. ಹೆಸರು ಮಾತ್ರ ಔಷಧ.

ರಾಜ್ಯಗಳ ಪುನರ್ವಿಂಗಡಣೆಯ ಮೇಲೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1967ರಲ್ಲಿ ಅಲ್ಲಿ ಪಾನನಿರೋಧ ಸಡಿಲವಾಯಿತು. ಮುಂದೆ ನಾಲ್ಕು ದಶಕ ಸಾರಾಯಿಯ ರಾಜ್ಯ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯದಿಂದ ಮುನ್ನೂರಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಬಡವರು. ನಾನು ಮಾಸ್ತರನಾಗಿ ಸೇರಿದ ಹೊತ್ತಿಗೆ ಸಾರಾಯಿ ಪ್ಲಾಸ್ಟಿಕ್ ಪಾಕೀಟಿನಲ್ಲಿ ಬರುತ್ತಿತ್ತು. ಹಲ್ಲಿನಿಂದ ತುದಿ ಕಚ್ಚಿ, ನಿಂತಲ್ಲಿಯೇ ಬಾಯಿಗೆ ಹಿಂಡಿಕೊಂಡು ಖಾಲಿ ಚೀಲವನ್ನು ಎಸೆಯುವುದು. ಅದನ್ನು ಬೆಳಕಿಗೆ ಹಿಡಿದು ನೋಡುವಂತಿಲ್ಲ, ಮೂಸಿ ನೋಡುವಂತಿಲ್ಲ, ಮೂಸಿದರೆ ಕುಡಿಯುವಂತಿಲ್ಲ. ನನ್ನ ಏಳನೆಯ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದನು. ಹಳಗನ್ನಡವನ್ನು ಅವನಂತೆ ತಪ್ಪಿಲ್ಲದೆ ಓದಿದವನನ್ನು ಆ ಮೇಲೆ ನಾನು ಕಂಡಿಲ್ಲ. ತಂದೆ ಹಮಾಲಿ ಮಾಡುತ್ತಿದ್ದನು. ವಾರದ ಕೂಲಿಯನ್ನು ಪಾಕೀಟಿಗೆ ಕೊಟ್ಟು ಬರುವನು. ಒಂದು ಸೋಮವಾರ ಹುಡುಗ ಸಾಲೆಗೆ ಬರಲಿಲ್ಲ. ವಿಚಾರಿಸಿದರೆ, ಕಬ್ಬು ಕಡಿಯುವ ಗ್ಯಾಂಗಿನ ಮುಂಗಡಕ್ಕೆ ತಂದೆ ಅವನ ಹೆಸರನ್ನೂ ಬರೆಸಿದ್ದನು. ಕೌಟಿಲ್ಯನ ಆ ವಿಧಿಯನ್ನು ಓದಿದಾಗಲೆಲ್ಲ ನನಗೆ ನೆನಪಾಗುವುದು ಆ ಖಾಲಿ ಮಣೆ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದೇ 2007ರಲ್ಲಿಯೇ ಸರಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿತು. ವೈನ್ ಮಂಡಳಿಯೂ ಹುಟ್ಟಿತು. ಒಂದೇ ವರ್ಷದಲ್ಲಿ ಕೂಲಿಕಾರನ ಪಾಕೀಟು ಹೋಯಿತು, ಒಕ್ಕಲಿಗನ ದ್ರಾಕ್ಷಿಗೆ ಸೀಸೆ ಬಂತು. ಪಾಕೀಟು ಹೋದಲ್ಲಿ ಅಗ್ಗದ ವಿಸ್ಕಿಯ ಕಾಗದದ ಪೆಟ್ಟಿಗೆ ಬಂದು ಕೂತಿತೆಂಬುದು ನಿಮಗೆ ತಿಳಿದದ್ದೇ. ನಮ್ಮ ಪೇಟೆಗಳಲ್ಲಿ "ವೈನ್ಸ್" ಎಂದು ಹಲಗೆ ಹಾಕಿದ ಅಂಗಡಿಯಲ್ಲಿ ವೈನ್ ಒಂದನ್ನುಳಿದು ಮಿಕ್ಕದ್ದೆಲ್ಲ ಕಣ್ಣಿಗೆ ಬೀಳುತ್ತದೆ.

ಇನ್ನು ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಪುಸ್ತಕಗಳನ್ನು ನೋಡಿ, ತೆಲಸಂಗ ಮತ್ತು ವಿಜಯಪುರದ ಕಡೆಯ ಬೆಳೆಗಾರರನ್ನು ಕೇಳಿ ತಿಳಿದುಕೊಂಡದ್ದನ್ನು ಅವನಿಗೆ ಕಾಗದದಲ್ಲಿ ಬರೆದೆನು.

ಸೀಸೆಯ ಚೀಟಿಯಲ್ಲಿ ಊರು, ದ್ರಾಕ್ಷಿಯ ಜಾತಿ, ಕೊಯ್ಲಿನ ವರ್ಷ, ಮದ್ಯಸಾರದ ಪ್ರಮಾಣ ಇವನ್ನು ನೋಡಬೇಕು. ನಮ್ಮ ಕಡೆ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ. ಆದಕಾರಣ ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಚಾಟನಿ ಮಾಡಿ, ಬೇಸಗೆಯ ಮೊದಲಿಗೆ ಹಣ್ಣು ಕೊಯ್ಯುತ್ತಾರೆ. ಯುರೋಪಿನಲ್ಲಿ ಕೊಯ್ಲು ಸಪ್ಟೆಂಬರ್‌, ಅಕ್ಟೋಬರ್‌ ಸುಮಾರಿಗೆ. ವಿಜಯಪುರದ ತೋಟಗಳಲ್ಲಿ ಹೆಚ್ಚಾಗಿ ಕಾಣುವ ಥಾಮ್ಸನ್ ಬೀಜರಹಿತ ದ್ರಾಕ್ಷಿ ತಿನ್ನುವುದಕ್ಕೆ, ಮನೂಕಕ್ಕೆ. ಬೆಂಗಳೂರು ನೀಲಿಯಿಂದ ಸಿಹಿಯಾದ ಪೋರ್ಟ್ ಬಗೆಯದನ್ನು ಮಾಡುತ್ತಾರೆ. ನಂದಿಬೆಟ್ಟದ ಸೀಮೆಯಲ್ಲಿ 1980ರ ದಶಕದ ಕೊನೆಯಿಂದ ಫ್ರಾನ್ಸಿನ ಜಾತಿಗಳನ್ನು ಬೆಳೆಸಿದರು. ಕಾಬರ್ನೆ, ಶಿರಾಜ್ ಕೆಂಪಿಗೆ, ಶೆನಿನ್, ಸೋವಿನ್ಯೋಂ ಬಿಳಿಯದಕ್ಕೆ. ಹಂಪಿಯ ಬೆಟ್ಟಗಳ ಕಡೆಯೂ ಈಗ ತೋಟಗಳಿವೆ.

ರುಚಿಯನ್ನು ಹೇಳಲು ಇಂಗ್ಲಿಷು ಬೇಕಿಲ್ಲ. ಷಡ್ರಸಗಳಲ್ಲಿ ಮೂರು ಇಲ್ಲಿ ಮುಖ್ಯ: ಸಿಹಿ, ಹುಳಿ, ಒಗರು. ಕೆಂಪು ವೈನಿನಲ್ಲಿ ಹಣ್ಣಿನ ಸಿಪ್ಪೆ ಬೀಜಗಳ ಒಗರು ಹೆಚ್ಚು. ಕಾಯಿ ನೇರಳೆ ತಿಂದವರಿಗೆ ಅದು ಗೊತ್ತು. ಬಿಳಿಯದರಲ್ಲಿ ಹುಳಿ ಮುಂದು. ಮೊದಲು ಹಿಡಿಯುವವನಿಗೆ ತುಸು ಸಿಹಿಯುಳಿದ ಬಿಳಿಯದು ಸಲೀಸು. ಮೇಲಾಗಿ ನಮ್ಮದು ಖಾರದ ಊಟ. ಎಣ್ಣೆಗಾಯಿ, ರಂಜಕ, ಶೇಂಗಾಹಿಂಡಿಗಳ ಜೊತೆಗೆ ಒಗರು ಹೆಚ್ಚಾದರೆ, ಮದ್ಯಸಾರ ಹೆಚ್ಚಾದರೆ ಬಾಯುರಿ ಇಮ್ಮಡಿಯಾಗುತ್ತದೆ; ಸಿಹಿಯೂ ತಂಪೂ ಅದನ್ನು ಶಮನ ಮಾಡುತ್ತವೆ. ಕೆಂಪನ್ನು ಕೋಣೆಯ ಶಾಖದಲ್ಲಿ ಕುಡಿಯಬೇಕೆಂದು ಪುಸ್ತಕ ಹೇಳಿದರೆ ಅದು ಅವರ ದೇಶದ ಕೋಣೆ, ಗೋಕಾಕದ ಮೇ ತಿಂಗಳಿನದಲ್ಲ. ಬಿಸಿಲು ಬೀಳುವ ಕಪಾಟಿನಲ್ಲಿ ಧೂಳು ಹಿಡಿದು ನಿಂತ ಸೀಸೆ ಎಷ್ಟು ಹೆಸರಾದದ್ದಾದರೂ ಬೇಡ. ತಿರುಪಿನ ಮುಚ್ಚಳ ಕೀಳೆಂದು ತಿಳಿಯಬಾರದು. ತೆರೆದ ಸೀಸೆ ಕೆಲವೇ ದಿನಗಳಲ್ಲಿ ಹುಳಿತು ಶುಕ್ತವಾಗುತ್ತದೆ. ಶುಕ್ತವೆಂದರೆ ಹುಳಿದ್ರವ, ಪೇಟೆಯ ವಿನೆಗರು. ವೈನಿನಲ್ಲಿ ಮದ್ಯಸಾರ ಸಾಮಾನ್ಯವಾಗಿ ನೂರಕ್ಕೆ 12ರಿಂದ 14. ವಿಸ್ಕಿಯಲ್ಲಿ ಸುಮಾರು 43. ಹೆಚ್ಚು ಅಂಕಿಯಿರುವುದೇ ಹೆಚ್ಚು ಬೆಲೆಯುಳ್ಳದ್ದೆಂಬ ನಮ್ಮವರ ಲೆಕ್ಕ ಪಾಕೀಟಿನ ಕಾಲದ್ದು; ಅದನ್ನು ಬಿಡಬೇಕು. ಕಾಗದದ ಕೊನೆಗೆ, ಬೇಡವೆನ್ನಿಸಿದರೆ ಪಟ್ಟಿಯನ್ನು ಮಡಿಚಿ ನೀರು ತರಿಸುವುದೂ ಆರಿಸಿದಂತೆಯೇ ಎಂದು ಬರೆದೆನು.

ತಿಂಗಳೊಂದರ ಮೇಲೆ ಅವನ ಫೋನು ಬಂತು. ಮತ್ತೊಂದು ಊಟವಾಗಿತ್ತಂತೆ; ಈ ಸಲ ಪಟ್ಟಿಯನ್ನು ಅವನೇ ಕೇಳಿ ತೆಗೆದುಕೊಂಡು, ನಮ್ಮ ರಾಜ್ಯದ್ದೇ ಒಂದು ಬಿಳಿಯ ಶೆನಿನ್ನನ್ನು ತರಿಸಿದನಂತೆ.

"ಪ್ರಸನ್ನಾ ಆಗಿತ್ತೇನಪಾ?" ಎಂದೆನು.

"ಪ್ರಸನ್ನಾನೂ ಇತ್ರಿ, ಗಂಧೋತ್ತಮಾನೂ ಇತ್ರಿ ಸರ್. ಒಬ್ಬರೂ ಎರಡನೇ ಗ್ಲಾಸ್ ಕೇಳಲಿಲ್ಲ, ಮಾತಾಡಕೋತ ಕೂತ್ರು. ಬಿಲ್ ಒಂದ ಅಪ್ರಸನ್ನ."

ಒಳಗಿನಿಂದ ನಮ್ಮ ಮನೆಯವರು ಯಾವ ಪಾಠ ನಡೆದಿದೆಯೆಂದು ಕೇಳಿದರು. ಅಮರಕೋಶ, ದ್ವಿತೀಯ ಕಾಂಡ ಎಂದು ಹೇಳಿದೆನು.